ಮಾರುವ ಮನೆಯ ಸಿಂಗಾರ

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂಬ ಗಾದೆಯನ್ನು ನೀವೆಲ್ಲರೂ ಬಲ್ಲಿರಿ. ಹಿರಿಯರು ಇದನ್ನು ಉಡುಗೆ ತೊಡುಗೆಗಳನ್ನು ಕುರಿತು ಹೇಳಿದ್ದಿರಬೇಕು. ಆದರೆ ಮನೆಗೂ ಇದು ಒಪ್ಪುವ ಮಾತೇ ಆಗಿದೆ. ದೀಪಾವಳಿ ಬಂದಿತೆಂದರೆ ಗೋಡೆಗೆ ಸುಣ್ಣ, ನೆಲಕ್ಕೆ ಸಾರಣೆ, ಹೊಸ್ತಿಲಿಗೆ ಕೆಮ್ಮಣ್ಣು, ಬಾಗಿಲಿಗೆ ತೋರಣ. ಮಗಳನ್ನು ನೋಡಲು ಬೀಗರು ಬರುತ್ತಾರೆಂದರೆ ಪಡಸಾಲೆಯಲ್ಲಿದ್ದ ಜೋಳದ ಚೀಲಗಳು ಒಳಗೆ ಹೋಗುತ್ತವೆ. ನೆರೆಮನೆಯ ಜಮಖಾನೆ ನಮ್ಮ ಪಡಸಾಲೆಗೆ ಬರುತ್ತದೆ. ಇದನ್ನು ಯಾರೂ ಮೋಸವೆನ್ನುವುದಿಲ್ಲ. ಬೀಗರೂ ತಮ್ಮ ಮನೆಯಲ್ಲಿ ಇದನ್ನೇ ಮಾಡಿದವರಾಗಿರುತ್ತಾರೆ.

ಇಷ್ಟು ದಿನ ನಾವು ಮನೆಯನ್ನು ಸಿಂಗರಿಸಿದ್ದು ಅದರಲ್ಲಿ ಇರುವುದಕ್ಕಾಗಿ. ಅದನ್ನು ಬಿಟ್ಟುಹೋಗುವುದಕ್ಕಾಗಿ ಸಿಂಗರಿಸುವ ವಿದ್ಯೆಯೊಂದು ಈಗ ಬೆಂಗಳೂರಿನಂತಹ ಪಟ್ಟಣಗಳಲ್ಲಿ ಬೆಳೆದುಬಂದಿದೆ. ಕೋಟಿಗಟ್ಟಲೆ ಬೆಲೆಯ ಮನೆಗಳನ್ನು ಮಾರುವ ಮೊದಲು ಅವುಗಳನ್ನು ನಾಟಕದ ರಂಗದಂತೆ ಅಣಿಗೊಳಿಸಿ, ಒಳ್ಳೆಯ ಕ್ಯಾಮರಾದಿಂದ ಚಿತ್ರ ತೆಗೆದು, ಆ ಚಿತ್ರಗಳನ್ನು ಕೊಳ್ಳುವವರ ಕೈಯಲ್ಲಿರುವ ಫೋನಿಗೆ ಮುಟ್ಟಿಸುತ್ತಾರೆ. ಮನೆಯನ್ನು ಕಾಲಿನಿಂದ ನಡೆದು ನೋಡುವ ಮೊದಲೇ ಬೆರಳಿನಿಂದ ಸರಿಸಿ ನೋಡುವ ಕಾಲವಿದು. ನನ್ನ ಸೋದರಳಿಯನೊಬ್ಬನಿಗೆ ಇದೇ ಉದ್ಯೋಗ. ಕಳೆದ ಬೇಸಿಗೆಯ ರಜೆಯಲ್ಲಿ ಅವನ ಮನೆಯಲ್ಲಿ ಎಂಟು ದಿನ ಇದ್ದೆನು. ಒಂದು ದಿನ ಸರ್ಜಾಪುರದ ಕಡೆಗೆ ಅವನು ಕೆಲಸಕ್ಕೆ ಹೊರಟಾಗ ಜೊತೆಗೆ ಹೋದೆನು.

ಎತ್ತರದ ಗೋಡೆಯೊಳಗೆ ಒಂದೇ ಅಚ್ಚಿನಲ್ಲಿ ತೆಗೆದಂತಹ ಮನೆಗಳ ಸಾಲು. ಅದರಲ್ಲೊಂದು ಮನೆ ಮಾರಾಟಕ್ಕಿತ್ತು. ನಾವು ಹೋದಾಗ ಅಂಗಳದಲ್ಲಿ ಒಂದು ಲಾರಿ ನಿಂತಿತ್ತು. ಅದರಿಂದ ಸೋಫಾ, ದೀಪದ ಕಂಬ, ಗೋಡೆಯ ಚಿತ್ರಗಳು, ಕುಂಡದೊಳಗಿನ ಗಿಡಗಳು ಇಳಿಯುತ್ತಿದ್ದವು. ಇವೆಲ್ಲ ಬಾಡಿಗೆಯ ಸಾಮಾನು. ಮನೆ ಮಾರಾಟವಾಗುವವರೆಗೆ ಇದ್ದು, ಆಮೇಲೆ ಇನ್ನೊಂದು ಮನೆಗೆ ಹೋಗತಕ್ಕವು. ಮನೆಯವರ ಸ್ವಂತ ಸಾಮಾನುಗಳು ಹಿಂದಿನ ಕೋಣೆಗೆ ಸೇರಿದ್ದವು. ಮಕ್ಕಳ ಎತ್ತರವನ್ನು ವರ್ಷವರ್ಷವೂ ಪೆನ್ಸಿಲಿನಿಂದ ಗುರುತಿಸಿದ್ದ ಬಾಗಿಲ ಚೌಕಟ್ಟಿಗೆ ಹೊಸ ಬಣ್ಣ ಬಂದಿತ್ತು. ಗೋಡೆಯ ಮೇಲಿನ ಮದುವೆಯ ಫೋಟೋ, ತೀರಿಹೋದ ಹಿರಿಯರ ಫೋಟೋ ಯಾವುದೂ ಇರಲಿಲ್ಲ. "ಕೊಳ್ಳಾಕ ಬಂದವರಿಗೆ ಇದು ಮತ್ತೊಬ್ಬರ ಮನಿ ಅನ್ನಿಸಬಾರದು ಮಾಮಾ, ತಮ್ಮ ಮನಿ ಅನ್ನಿಸಬೇಕು" ಎಂದು ಅಳಿಯ ಹೇಳಿದ. ಅಡಿಗೆಮನೆಯ ಚಿತ್ರ ತೆಗೆಯುವಾಗ ಮಿಕ್ಸರು, ಎಣ್ಣೆಯ ಡಬ್ಬಿ, ಪಾತ್ರೆ ಒರೆಸುವ ಬಟ್ಟೆ ಎಲ್ಲವನ್ನೂ ಮರೆಮಾಡಿ, ಒಂದು ಬುಟ್ಟಿಯಲ್ಲಿ ನಿಂಬೆಹಣ್ಣುಗಳನ್ನು ಮಾತ್ರ ಇಟ್ಟರು. ಮನೆಯ ಯಜಮಾನಿ ಉಪ್ಪಿನಕಾಯಿಯ ಭರಣಿಯನ್ನು ಎದೆಗೊತ್ತಿಕೊಂಡು ಅಂಗಳದಲ್ಲಿ ನಿಂತಿದ್ದಳು. ಎಲ್ಲಿಟ್ಟರೂ ಚಿತ್ರದಲ್ಲಿ ಬರುತ್ತದೆಂದು ಅವಳಿಗೆ ಹೇಳಿದ್ದರಂತೆ.

ಇನ್ನು ಕ್ಯಾಮರಾದ ವಿಷಯ. ಅದರ ಕೆಲಸವನ್ನು ನಾನು ಮಕ್ಕಳಂತೆ ಬೆರಗಾಗಿ ನೋಡಿದೆನೆಂದು ಹೇಳಲು ನಾಚಿಕೆಯಿಲ್ಲ. ಸಾಧಾರಣವಾದ 50 ಮಿಲಿಮೀಟರಿನ ಲೆನ್ಸು ಅಡ್ಡಲಾಗಿ ಸುಮಾರು 40 ಡಿಗ್ರಿಯಷ್ಟು ನೋಟವನ್ನು ಹಿಡಿಯುತ್ತದೆ. ಇವರು ಬಳಸುವ 16 ಮಿಲಿಮೀಟರಿನ ಅಗಲ ನೋಟದ ಲೆನ್ಸು ಸುಮಾರು 97 ಡಿಗ್ರಿಯನ್ನು ಹಿಡಿಯುತ್ತದೆ. ಮೂಲೆಯಲ್ಲಿ ನಿಂತು ಇದರಿಂದ ತೆಗೆದರೆ ಹತ್ತಿರದ ವಸ್ತು ಹಿಗ್ಗುತ್ತದೆ, ಎದುರಿನ ಗೋಡೆ ದೂರಕ್ಕೆ ಸರಿಯುತ್ತದೆ. ಹನ್ನೆರಡು ಅಡಿಯ ಕೋಣೆ ಮದುವೆಯ ಮಂಟಪದಂತೆ ಕಾಣುತ್ತದೆ. ಕ್ಯಾಮರಾವನ್ನು ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಎದೆಯ ಎತ್ತರಕ್ಕಿಂತ ತುಸು ಕೆಳಗೆ ಇಟ್ಟು, ಮಟ್ಟ ನೋಡಿ, ಗೋಡೆಯ ಗೆರೆಗಳು ವಾಲದಂತೆ ನಿಲ್ಲಿಸುತ್ತಾರೆ. ಕಿಟಕಿಯ ಹೊರಗೆ ಬಿಸಿಲು, ಒಳಗೆ ನೆರಳು ಇದ್ದರೆ ಒಂದೇ ಚಿತ್ರದಲ್ಲಿ ಎರಡೂ ಸರಿಯಾಗಿ ಮೂಡವು. ಅದಕ್ಕಾಗಿ ಬೆಳಕನ್ನು ಹೆಚ್ಚು ಕಡಿಮೆ ಮಾಡಿ ಮೂರೋ ಐದೋ ಚಿತ್ರಗಳನ್ನು ತೆಗೆದು ಗಣಕಯಂತ್ರದಲ್ಲಿ ಒಂದಾಗಿ ಬೆಸೆಯುತ್ತಾರೆ. ಹೊರಗಿನ ಚಿತ್ರವನ್ನು ಸೂರ್ಯ ಮುಳುಗಿದ ಮೇಲೆ ಆಕಾಶ ನೀಲಿಯಾಗಿರುವ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ, ಮನೆಯ ದೀಪಗಳನ್ನೆಲ್ಲ ಹಚ್ಚಿ ತೆಗೆಯಬೇಕು. ಆ ಹೊತ್ತಿಗೆ ಎಂತಹ ಮನೆಯೂ ತನ್ನನ್ನು ಕಾಯುತ್ತ ಕುಳಿತಂತೆ ತೋರುತ್ತದೆಂದು ಅಳಿಯನ ಅಂಬೋಣ. ಅದು ನಿಜವೇ. ನಮ್ಮ ಶಾಲೆಯ ಕಟ್ಟಡವನ್ನೂ ಆ ಹೊತ್ತಿನಲ್ಲಿ ತೆಗೆದರೆ ಅರಮನೆಯಾದೀತು.

ಖಾಲಿ ಮನೆಯಾದರೆ ಬಾಡಿಗೆಯ ಸೋಫಾ ಕೂಡ ಬೇಕಿಲ್ಲ. ಗಣಕಯಂತ್ರದಲ್ಲಿಯೇ ಮಂಚ ಹಾಕಿ, ಪರದೆ ಕಟ್ಟಿ, ಗಿಡ ನೆಡಬಹುದು. ಸಂಜೆ ಅವನು ಕುಳಿತು ಚಿತ್ರಗಳನ್ನು ತಿದ್ದುತ್ತಿದ್ದಾಗ, ಮನೆಯ ಮುಂದಿನ ವಿದ್ಯುತ್ ಕಂಬವನ್ನೂ ಅದರ ಮೇಲಿನ ತಂತಿಗಳನ್ನೂ ತೆಗೆದುಹಾಕಬೇಕೆಂದು ಮಾರುವವರಿಂದ ಫೋನು ಬಂದಿತು. ಅಳಿಯ ಒಪ್ಪಲಿಲ್ಲ. ಬಹಳ ಹೊತ್ತು ವಾದ ನಡೆಯಿತು. ಫೋನನ್ನು ಕೆಳಗಿಟ್ಟು ನನಗೆ ಹೇಳಿದ: "ಹಾಸಿಗಿ ಹಾಸೂದು ಬ್ಯಾರೆ ಮಾಮಾ, ಕಂಬಾ ಕೀಳೂದು ಬ್ಯಾರೆ. ಹಾಸಿಗಿ ಅವರೂ ತಂದು ಹಾಸಿಕೋಬಹುದು. ಕಂಬಾ ಅವರಿಂದ ಕೀಳಾಕ ಆಗೂದಿಲ್ಲ." ಅಲಂಕಾರಶಾಸ್ತ್ರವನ್ನು ಓದದ ಹುಡುಗ ಎಂತಹ ಲಕ್ಷಣವನ್ನು ಹೇಳಿದನೆಂದು ನನಗೆ ಅಚ್ಚರಿಯಾಯಿತು.

ನಾನು ಕನ್ನಡ ಪಂಡಿತ. ನನಗೆ ಈ ಉದ್ಯೋಗವೆಲ್ಲ ಹಳೆಯ ಪುರವರ್ಣನೆಯಂತೆ ಕಂಡರೆ ಅದು ನನ್ನ ವೃತ್ತಿಯ ದೋಷ. ನಮ್ಮ ಚಂಪೂಕವಿಗಳು ಅಷ್ಟಾದಶ ವರ್ಣನೆಗಳಲ್ಲಿ ಪಟ್ಟಣದ ವರ್ಣನೆಯನ್ನು ಬಿಟ್ಟವರಲ್ಲ. ಅವರ ಪಟ್ಟಣಗಳಲ್ಲಿ ಉಪ್ಪರಿಗೆಗಳು ಚಂದ್ರನನ್ನು ಮುಟ್ಟುತ್ತವೆ, ಕೋಟೆಯ ಕಂದಕ ಸಮುದ್ರವನ್ನು ನಾಚಿಸುತ್ತದೆ. ಯಾವ ಓದುಗನೂ ಏಣಿ ತಂದು ಅಳೆದವನಲ್ಲ. ಏಕೆಂದರೆ ಕವಿಗೆ ಆ ಉಪ್ಪರಿಗೆಯನ್ನು ನಮಗೆ ಮಾರುವುದಿರಲಿಲ್ಲ. ಸಂಸ್ಕೃತದಲ್ಲಿ 'ಅಲಂ' ಎಂದರೆ ಸಾಕು ಎಂಬ ಅರ್ಥವುಂಟು. ಸಾಕಾಗುವಷ್ಟು ಮಾಡುವುದು ಅಲಂಕಾರ. ಎಲ್ಲಿ ಸಾಕು ಎಂಬುದನ್ನು ಕಾವ್ಯದಲ್ಲಿ ರಸಿಕನು ಹೇಳುತ್ತಾನೆ. ಮನೆಯ ಮಾರಾಟದಲ್ಲಿ ಯಾರು ಹೇಳಬೇಕು?

ಈ ರಂಗಸಜ್ಜಿಕೆಯ ವಿದ್ಯೆ ಅಮೇರಿಕದಿಂದ ಬಂದದ್ದು. 1970ರ ದಶಕದಲ್ಲಿ ಅಲ್ಲಿ ಮನೆ ಮಾರಾಟದ ದಲ್ಲಾಳಿಯಾಗಿದ್ದ ಬಾರ್ಬ್ ಶ್ವಾರ್ಟ್ಸ್ ಎಂಬ ಮಹಿಳೆ ಇದಕ್ಕೆ ರಂಗಭೂಮಿಯ ಹೆಸರನ್ನೇ ಕೊಟ್ಟು ಪ್ರಚಾರಕ್ಕೆ ತಂದಳು. ಕ್ಯಾಮರಾ ಮಾತ್ರ ಅದಕ್ಕಿಂತ ನೂರು ವರ್ಷ ಮೊದಲೇ ನಮ್ಮ ಜಿಲ್ಲೆಯ ಕಟ್ಟಡಗಳ ಮುಂದೆ ನಿಂತಿತ್ತು. 1855ರಲ್ಲಿ ಮುಂಬಯಿ ಸರಕಾರವು ಥಾಮಸ್ ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿಯನ್ನು ನೇಮಿಸಿ ವಿಜಯಪುರ, ಬಾದಾಮಿ, ಐಹೊಳೆ ಮುಂತಾದ ಕಡೆಯ ಕಟ್ಟಡಗಳ ಚಿತ್ರ ತೆಗೆಸಿತು. ವಿಜಯಪುರದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗ್ರಂಥವಾಗಿ ಹೊರಬಂದವು. ಆ ಕಾಲದ ಚಿತ್ರಕ್ಕೆ ಕ್ಯಾಮರಾದ ಕಣ್ಣನ್ನು ಬಹಳ ಹೊತ್ತು ತೆರೆದಿಡಬೇಕಾಗುತ್ತಿತ್ತು. ನಡೆದಾಡುವ ಮನುಷ್ಯರು ಅದರಲ್ಲಿ ಮೂಡುತ್ತಿರಲಿಲ್ಲ. ಕಲ್ಲು ಮಾತ್ರ ಉಳಿಯುತ್ತಿತ್ತು. ಇಂದಿನ ಚಿತ್ರದಲ್ಲಿಯೂ ಮನುಷ್ಯರಿಲ್ಲ. ಆದರೆ ಅಂದು ಪಾಳುಬಿದ್ದದ್ದನ್ನು ಪಾಳೆಂದೇ ತೋರಿಸಿದರು. ಆದಿಲಶಾಹಿಯ ಮಹಲುಗಳನ್ನು ಯಾರೂ ಕೊಳ್ಳುವವರಿರಲಿಲ್ಲವಲ್ಲ!

ದೊಡ್ಡ ಬಡಾವಣೆಗಳನ್ನು ಕಟ್ಟಿ ಮಾರುವವರಲ್ಲಿ ಇನ್ನೊಂದು ರೂಢಿಯಿದೆ. ಕಟ್ಟಡ ಏಳುವ ಮೊದಲೇ ಒಂದು ಮಾದರಿ ಮನೆಯನ್ನು ಕಟ್ಟಿ ತೋರಿಸುವುದು. ಅದರಲ್ಲಿ ಮಂಚವನ್ನು ಅಳತೆಗಿಂತ ಗಿಡ್ಡವಾಗಿ ಮಾಡಿಸುವುದುಂಟು. ಒಳಗಿನ ಬಾಗಿಲುಗಳನ್ನು ಕೂಡಿಸದೆ ಬಿಡುವುದುಂಟು. ಗೋಡೆಗೆ ಕನ್ನಡಿ ಹಚ್ಚಿ ಒಂದು ಕೋಣೆಯನ್ನು ಎರಡಾಗಿಸುವುದುಂಟು. ನೋಡಲು ಹೋದಾಗ ಒಂದು ಟೇಪು ಜೇಬಿನಲ್ಲಿರಲಿ. ಮಂಚದ ಉದ್ದವನ್ನು ಅಳೆದರೆ ಯಾರೂ ನಗುವುದಿಲ್ಲ, ನಕ್ಕರೆ ನಗಲಿ. ಕಾಯಿದೆಯೂ ಈಗ ನಿಮ್ಮ ಕಡೆಗಿದೆ. 2016ರಲ್ಲಿ ಸಂಸತ್ತು ಮಾಡಿದ ಸ್ಥಿರಾಸ್ತಿ ಕಾಯಿದೆ, ಅಂದರೆ ಜನ ರೇರಾ ಎಂದು ಕರೆಯುವ ಕಾಯಿದೆ, ತನ್ನ 12ನೆಯ ಕಲಮಿನಲ್ಲಿ ಜಾಹೀರಾತನ್ನಷ್ಟೇ ಅಲ್ಲ, ಮಾದರಿ ಮನೆಯನ್ನೂ ಹೆಸರಿಸಿದೆ. ಜಾಹೀರಾತಿನ ಸುಳ್ಳು ಮಾತನ್ನೋ ಮಾದರಿ ಮನೆಯನ್ನೋ ನಂಬಿ ಹಣ ಕೊಟ್ಟು ನಷ್ಟಕ್ಕೆ ಒಳಗಾದವನಿಗೆ ಕಟ್ಟಿ ಮಾರುವವನು ಪರಿಹಾರ ಕೊಡಬೇಕು. ಮನೆಯೇ ಬೇಡವೆಂದು ಹಿಂದೆ ಸರಿದರೆ ಕೊಟ್ಟ ಹಣವನ್ನೆಲ್ಲ ಬಡ್ಡಿಸಹಿತ ಹಿಂದಿರುಗಿಸಬೇಕು. ಅದೇ ಕಾಯಿದೆಯಂತೆ ಜಾಹೀರಾತಿನಲ್ಲಿ ನೋಂದಣಿಯ ಸಂಖ್ಯೆಯನ್ನು ಕಾಣಿಸಲೇಬೇಕು. ಅಳತೆಯನ್ನು ಕೇಳುವಾಗ 'ಕಾರ್ಪೆಟ್ ಏರಿಯಾ' ಎಷ್ಟೆಂದು ಕೇಳಿರಿ. ಹೊರಗಿನ ಗೋಡೆ, ಬಾಲ್ಕನಿ, ತೆರೆದ ಮಾಳಿಗೆಗಳನ್ನು ಬಿಟ್ಟು ನಿಜವಾಗಿ ಓಡಾಡಲು ಸಿಗುವ ನೆಲದ ಲೆಕ್ಕವದು.

ಇದೆಲ್ಲ ಕಟ್ಟಿ ಮಾರುವವರ ಮಾತಾಯಿತು. ತಾನಿದ್ದ ಮನೆಯನ್ನು ತಾನೇ ಮಾರುವವನಿಗೆ ಈ ಕಾಯಿದೆ ತಗಲುವುದಿಲ್ಲ. ಅವನಿಗೆ ಬೇರೊಂದಿದೆ, ಬಹಳ ಹಳೆಯದು. ಅದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನಮ್ಮ ಮನೆಯ ಅಂಗಳದಲ್ಲಿ ಕಲಿತೆನು. ಆ ಸಂಗತಿಯನ್ನು ಹೇಳಬೇಕೆಂದೇ ಇಂದಿನ ಈ ಮಾತು.

ನಮ್ಮದು ಬಸವನ ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿ. (ದೇವರ ಹಿಪ್ಪರಗಿ ಬೇರೆ, ನಮ್ಮೂರಿನ ಹೆಸರು ಹೇಳಿದರೆ ಹತ್ತರಲ್ಲಿ ಐದು ಜನ ಅದನ್ನೇ ತಿಳಿಯುತ್ತಾರೆ.) ಅಲ್ಲಿ ನಮ್ಮ ಅಜ್ಜನ ಕಾಲದ ವಾಡೆಯೊಂದಿದೆ. ಆನೆಯಷ್ಟು ದಪ್ಪ ಗೋಡೆ, ಸಾಗವಾನಿಯ ಎಂಟು ಕಂಬ, ಬೋದಿಗೆಗಳ ಮೇಲೆ ಗಿಳಿ ಹೂಬಳ್ಳಿಗಳ ಕೆತ್ತನೆ, ಮಣ್ಣಿನ ಮೇಲ್ಮುದ್ದೆ, ನಡುವೆ ಬೆಳಕಿಂಡಿ, ಮುಂದೆ ಕಲ್ಲು ಹಾಸಿದ ಅಂಗಳ. ಇಂದಿನ ಸರ್ಜಾಪುರದ ಮನೆ ಏನೋ, ಆ ಕಾಲಕ್ಕೆ ನಮ್ಮ ಭಾಗದಲ್ಲಿ ಇದು ಅದೇ. ಈಗ ಅದರಲ್ಲಿ ನಮ್ಮ ದೊಡ್ಡವ್ವ ಒಬ್ಬಳೇ ಇರುತ್ತಾಳೆ, ಎಂಬತ್ತು ದಾಟಿದೆ. ಅವಳ ಮಕ್ಕಳು ಪುಣೆ, ಸೊಲ್ಲಾಪುರ ಸೇರಿದ್ದಾರೆ. ಪಾಲು ಮಾತ್ರ ಎಲ್ಲರದೂ ಇದೆ, ನನ್ನದೂ ಇದೆ. ಮಾರಿಬಿಡೋಣವೆಂದು ಅಣ್ಣಂದಿರು ಹೇಳಿದರು. ಮಗಳ ಓದಿನ ಶುಲ್ಕ ಕಣ್ಣ ಮುಂದಿದ್ದುದರಿಂದ ನಾನೂ ತಲೆಯಾಡಿಸಿದೆನು.

ಮೊದಲು ಬಂದವನು ಹಳೆಯ ಮರದ ವ್ಯಾಪಾರಿ. ಅವನಿಗೆ ಮನೆ ಬೇಡ, ಕಂಬ ಮತ್ತು ತಲೆಬಾಗಿಲು ಸಾಕು. ಯಾವುದೋ ಪ್ರವಾಸಿ ನಿವಾಸಕ್ಕಂತೆ. ಹಳೆಯ ಮನೆಯನ್ನು ಬಿಚ್ಚಿ ಒಯ್ದು ಮನೆಯಾಗಿಯೇ ಕಟ್ಟಿ ನಿಲ್ಲಿಸಿದವರೂ ಇದ್ದಾರೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಅಂತಹ ಮನೆಗಳ ಒಂದು ಊರನ್ನೇ ಮಾಡಿದರು; ಚೆನ್ನೈ ಹತ್ತಿರದ ದಕ್ಷಿಣಚಿತ್ರದಲ್ಲಿ ಇಳಕಲ್ಲಿನ ನೇಕಾರರ ಮನೆಯೊಂದನ್ನು ಕಾಣಬಹುದು. ನಮ್ಮ ಕಂಬಗಳಿಗೆ ಅಂತಹ ಭಾಗ್ಯವಿರಲಿಲ್ಲ. ದೊಡ್ಡವ್ವ ಆ ವ್ಯಾಪಾರಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು.

ಆಗ ಅಳಿಯನನ್ನು ಕರೆಸಿದೆವು. ಅವನು ಎರಡು ದಿನ ಇದ್ದು ಮನೆಯನ್ನು ಅಣಿಗೊಳಿಸಿದ. ಗೋಡೆಗೆ ಸುಣ್ಣ ಬಂತು. ನಮ್ಮದು ಎರೆಯ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಅದರೊಂದಿಗೆ ಗೋಡೆಯೂ ಬಿರಿಯುತ್ತದೆ. ಬಿರುಕುಗಳೆಲ್ಲ ಸುಣ್ಣದಲ್ಲಿ ಮುಚ್ಚಿದವು. ಮಾಡಗಳಲ್ಲಿ ಹಿತ್ತಾಳೆಯ ದೀಪ ಹಚ್ಚಿದ. ಗೂಟಕ್ಕೆ ತೂಗುಹಾಕಿದ್ದ ಎತ್ತಿನ ಗೆಜ್ಜೆಯನ್ನು ಮಾತ್ರ ಇರಗೊಟ್ಟು, ಹಗ್ಗ, ಬಾರಕೋಲು, ಔಷಧ ಹೊಡೆಯುವ ಪಂಪುಗಳನ್ನು ಒಳಗಿಟ್ಟ. ಪೆಟ್ಟಿಗೆಯಿಂದ ದೊಡ್ಡವ್ವನ ಕೌದಿಗಳು ಹೊರಬಂದವು. ಅವಳಿಗೆ ಅದೊಂದು ಮಾತ್ರ ಸಂತೋಷ ಕೊಟ್ಟಿತು. ಅಂಗಳದ ನಡುವೆ ಒಂದು ಅಡ್ಡಾದಿಡ್ಡಿ ಚಪ್ಪಡಿ ಇತ್ತು, ಸುತ್ತಲಿನ ಹಾಸುಗಲ್ಲಿಗೆ ಹೊಂದುತ್ತಿರಲಿಲ್ಲ. ಅಳಿಯ ಅದರ ಮೇಲೆ ಕೆಂಪು ಪಟ್ಟೆಯ ಜಮಖಾನೆ ಹಾಸಿ ಎರಡು ಬೆತ್ತದ ಕುರ್ಚಿ ಇಟ್ಟ. ಮಬ್ಬುಗತ್ತಲೆಯಲ್ಲಿ ತೆಗೆದ ಆ ಚಿತ್ರವೇ ಎಲ್ಲಕ್ಕಿಂತ ಚೆನ್ನಾಗಿ ಬಂದಿತು. ಆ ಚಪ್ಪಡಿ ಏನೆಂಬುದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಅದು ಹಗೇವಿನ ಬಾಯಿ. ಪಟ್ಟಣದಲ್ಲಿ ಬೆಳೆದವರಿಗಾಗಿ ಹೇಳುತ್ತೇನೆ: ಹಗೇವು ಎಂದರೆ ಕಾಳನ್ನು ತುಂಬಿಡುವ ನೆಲದೊಳಗಿನ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಗಡಿಗೆಯಂತೆ ಅಗಲ. ಒಳಗೆ ಒಣಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಉಳಿಯುತ್ತಿತ್ತು. ತೆರೆದ ಕೂಡಲೆ ಯಾರೂ ಇಳಿಯುತ್ತಿರಲಿಲ್ಲ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ. ಹಾಗೆ ಇಳಿದು ಸತ್ತವರುಂಟು. ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ನಮ್ಮದನ್ನು ತೆರೆದು ಮೂವತ್ತು ವರ್ಷಗಳ ಮೇಲಾಗಿತ್ತು.

ಚಿತ್ರಗಳನ್ನು ನೋಡಿ ವಿಜಯಪುರದಿಂದ ನಿವೃತ್ತ ಅಧಿಕಾರಿಯೊಬ್ಬರು ಪತ್ನೀಸಮೇತ ಬಂದರು. ಸಂಭಾವಿತ ಜನ. ಮುಪ್ಪಿನಲ್ಲಿ ಹಳ್ಳಿಯಲ್ಲಿರಬೇಕೆಂಬ ಆಸೆ. ಅಣ್ಣಂದಿರು ಜಮಖಾನೆ, ಕುರ್ಚಿಗಳನ್ನು ಚಿತ್ರದಲ್ಲಿದ್ದಂತೆಯೇ ಹಾಕಿಸಿದ್ದರು. ಅವರು ಕಂಬಗಳನ್ನು ಸವರಿ ನೋಡಿದರು, ಕಾಗದಪತ್ರ ಕೇಳಿದರು, ಹಿಂದಿನ ವರ್ಷಗಳ ಋಣಭಾರ ಪತ್ರವನ್ನೂ ಓದಿದರು. ಜಾಗರೂಕರಾದವರು ನೋಡತಕ್ಕದ್ದನ್ನೆಲ್ಲ ನೋಡಿದರು. ಕಡೆಗೆ ಅಂಗಳದಲ್ಲಿ ನಿಂತು, "ಅಗಸಿ ಅಗಲ ಅದ. ಇಲ್ಲಿ ಕಾರು ನಿಲ್ಲಸಬಹುದಲ್ರೀ?" ಎಂದು ಕೇಳಿದರು. "ಧಾರಾಳ ನಿಲ್ಲಸ್ರೀ, ಎರಡು ನಿಲ್ತಾವ" ಎಂದ ನನ್ನ ದೊಡ್ಡ ಅಣ್ಣ. ಅವರು ನನ್ನ ಕಡೆಗೆ ತಿರುಗಿ, "ನೀವೇನಂತೀರಿ ಮಾಸ್ತರ್ರ?" ಎಂದರು.

ಮೂವತ್ತು ವರ್ಷ ಮಕ್ಕಳಿಗೆ ಸತ್ಯದ ಮೇಲೆ ಪ್ರಬಂಧ ಬರೆಸಿದವನು ನಾನು. ಸತ್ಯ ಹರಿಶ್ಚಂದ್ರನ ಕಥೆಯನ್ನು ಎಷ್ಟು ಸಲ ಕಣ್ಣಲ್ಲಿ ನೀರು ಬರುವಂತೆ ಹೇಳಿದ್ದೇನೋ ಲೆಕ್ಕವಿಲ್ಲ. ಆ ಹೊತ್ತಿಗೆ "ನೆಳ್ಳು ಚಲೋ ಇರತದರಿ" ಎಂದು ನಾನು ಅಂದೆನು. ಸುಳ್ಳಲ್ಲ, ಅಂಗಳದಲ್ಲಿ ನೆರಳು ನಿಜವಾಗಿಯೂ ಚೆನ್ನಾಗಿರುತ್ತದೆ.

ಕಟ್ಟೆಯ ಮೇಲೆ ಕುಳಿತು ಅವರೆ ಸುಲಿಯುತ್ತಿದ್ದ ದೊಡ್ಡವ್ವನಿಗೆ ಕಿವಿ ಮಂದ ಎಂದು ನಾವೆಲ್ಲ ತಿಳಿದಿದ್ದೆವು. ಅವಳು ತಲೆ ಎತ್ತದೆಯೇ ಹೇಳಿದಳು: "ಯಪ್ಪಾ, ಅಲ್ಲಿ ಗಾಡಿ ನಿಲ್ಲಸಬ್ಯಾಡ್ರಿ. ಆ ಜಮಖಾನಿ ಬುಡಕ ಹಗೇವು ಐತಿ. ನಲವತ್ತು ಚೀಲ ಜ್ವಾಳ ಹಿಡೀತಿತ್ತು. ಈಗ ಖಾಲಿ ಐತಿ." ಸ್ವಲ್ಪ ತಡೆದು, "ಮಳಿಗಾಲದಾಗ ನಡುಮನಿ ಮೂಲ್ಯಾಗ ಸೋರತೈತಿ. ಅದನ್ನೂ ಇವರು ಹೇಳಿರಾಕಿಲ್ಲ" ಎಂದಳು.

ಯಾರೂ ಮಾತಾಡಲಿಲ್ಲ. ಅಳಿಯನೇ ಎದ್ದು ಹೋಗಿ ಕುರ್ಚಿಗಳನ್ನು ಸರಿಸಿ ಜಮಖಾನೆಯನ್ನು ಸುತ್ತಿದ. ನನ್ನನ್ನು ಒಂದು ಸಲ ನೋಡಿದ, ಏನೂ ಅನ್ನಲಿಲ್ಲ. ಅಂದರೆ ಒಳ್ಳೆಯದಿತ್ತು.

ಬಂದವರು ಸಿಟ್ಟಾಗಲಿಲ್ಲ. ಒಬ್ಬ ವಕೀಲರನ್ನು ಕೇಳಿ ತಿಳಿಸುವುದಾಗಿ ಹೇಳಿ ಹೋದರು. ನಾನೂ ಬಾಗೇವಾಡಿಗೆ ಹೋಗಿ ನನ್ನ ಹಳೆಯ ವಿದ್ಯಾರ್ಥಿಯಾದ ವಕೀಲನೊಬ್ಬನನ್ನು ಕೇಳಿದೆನು. ಹಳೆಯದೆಂದು ಮೊದಲು ಹೇಳಿದ ಕಾಯಿದೆ ಇದೇ: 1882ರ ಆಸ್ತಿ ವರ್ಗಾವಣೆ ಕಾಯಿದೆ, 55ನೆಯ ಕಲಮು. ಬೇರೆ ಕರಾರು ಇಲ್ಲದಿದ್ದಾಗ, ಕೊಳ್ಳುವವನು ಸಾಧಾರಣ ಎಚ್ಚರದಿಂದ ನೋಡಿದರೂ ಕಾಣದಂತಹ, ಆದರೆ ಮಾರುವವನಿಗೆ ಗೊತ್ತಿರುವ ಮುಖ್ಯ ದೋಷವೊಂದು ಆಸ್ತಿಯಲ್ಲಿದ್ದರೆ, ಅದನ್ನು ಮಾರುವವನು ಹೇಳಲೇಬೇಕು. ಹೇಳದೆ ಬಿಡುವುದನ್ನು ಆ ಕಲಮು ವಂಚನೆಯೆಂದೇ ಕರೆಯುತ್ತದೆ. ಬಿರಿದ ಗೋಡೆ ಕಣ್ಣಿಗೆ ಕಾಣುವಂಥದು. ನೋಡಿಕೊಳ್ಳುವ ಹೊಣೆ ಕೊಳ್ಳುವವನದು. ಆದರೆ ಸುಣ್ಣ ಬಳಿದು ಮುಚ್ಚಿದ ಬಿರುಕು, ಬೇಸಿಗೆಯಲ್ಲಿ ತೋರಿಸಿದ ಸೋರುವ ಮಾಳಿಗೆ, ಜಮಖಾನೆಯ ಕೆಳಗಿನ ಹಗೇವು? "ಸರ್, ನೀವು ಹೇಳೋದು ಯಾರ ಮನಿ?" ಎಂದು ಅವನು ಕೇಳಿದ. ಒಬ್ಬರದು ಎಂದೆನು.

ಹದಿನೈದು ದಿನಗಳ ಮೇಲೆ ಅವರು ಮತ್ತೆ ಬಂದರು, ಈ ಸಲ ಗೌಂಡಿಯನ್ನು ಕರೆದುಕೊಂಡು. ಚಪ್ಪಡಿ ಎತ್ತಿಸಿ ಒಂದು ಹಗಲು ಪೂರ್ತಿ ಗಾಳಿಗೆ ಬಿಟ್ಟರು. ದೊಡ್ಡವ್ವ ತಾನೇ ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿಕೊಟ್ಟಳು. ದೀಪ ಆರಲಿಲ್ಲ. ಒಳಗಿನ ಗೋಡೆ ಇನ್ನೂ ಗಟ್ಟಿಯಾಗಿತ್ತು. ಚಪ್ಪಡಿ ಮಾತ್ರ ನಡುವೆ ಸೀಳಿತ್ತು. ಅದರ ಮೇಲೆ ಕಾರು ನಿಂತಿದ್ದರೆ ಏನಾಗುತ್ತಿತ್ತೆಂದು ಗೌಂಡಿ ಹೇಳಬೇಕಾಗಿರಲಿಲ್ಲ. ಮೂರು ಟ್ರ್ಯಾಕ್ಟರ್ ಮೊರಂ ಹಾಕಿಸಬೇಕು, ಮಾಳಿಗೆಯ ಮಣ್ಣು ತೆಗೆಸಬೇಕು ಎಂದು ಲೆಕ್ಕ ಹಾಕಿ ಅಷ್ಟನ್ನು ಬೆಲೆಯಲ್ಲಿ ಕಳೆದರು. ಅಣ್ಣಂದಿರು ಒಪ್ಪಿದರು. ದೊಡ್ಡವ್ವ ಇರುವವರೆಗೆ ಹಿಂದಿನ ಎರಡು ಕೋಣೆಗಳಲ್ಲಿ ಇರಬಹುದೆಂದು ಕೊಳ್ಳುವವರೇ ಮುಂದಾಗಿ ಹೇಳಿದರು. ಅದನ್ನು ನಾವು ಯಾರೂ ಕೇಳಿರಲಿಲ್ಲ.

ಖರೇದಿ ಪತ್ರ ಬರೆಸುವ ದಿನ ಚತುಃಸೀಮೆಯ ಕೆಳಗೆ 'ಅಂಗಳದಲ್ಲಿ ಒಂದು ಹಗೇವು ಇರುತ್ತದೆ' ಎಂಬ ಸಾಲನ್ನು ಸೇರಿಸಬೇಕೆಂದು ನಾನು ಹೇಳಿದೆನು. ಗಣಕಯಂತ್ರದ ಮುಂದೆ ಕುಳಿತಿದ್ದ ಹುಡುಗ ಬೆರಳು ನಿಲ್ಲಿಸಿ, "ಹಗೇವು ಅಂದ್ರ ಏನ್ರಿ ಸರ್? ಹೆಂಗ ಬರೀಬೇಕ್ರಿ?" ಎಂದು ಕೇಳಿದ. ಒಂದೊಂದೇ ಅಕ್ಷರವನ್ನು ಬಿಡಿಸಿ ಹೇಳಿ ಬರೆಸಿದೆನು.